ಉಪಕರಣದ ಋಣ, ಅಕ್ಷರದ ಋಣ

ಕೈಕೆಲಸದಿಂದ ಬದುಕುವವನಿಗೂ ಅವನ ಉಪಕರಣಕ್ಕೂ ಇರುವ ನಂಟು ವಿಶಿಷ್ಟವಾದುದು. ಉಳಿಯನ್ನು ಕೊಂಡ ದಿನವೇ ಯಾರೂ ಬಡಗಿಯಾಗುವುದಿಲ್ಲ. ಕೈ ಪಳಗಬೇಕು, ಕಣ್ಣು ಪಳಗಬೇಕು, ಉಳಿಯ ಗುಣದೋಷಗಳು ಬೆರಳಿಗೆ ತಿಳಿಯಬೇಕು. ಹಿಂದೆ ನಮ್ಮ ಹಳ್ಳಿಗಳಲ್ಲಿ ನೇಗಿಲ ಕುಳ ಸವೆದರೆ ಊರ ಕಮ್ಮಾರನೇ ಅದನ್ನು ಕಾಯಿಸಿ ತಟ್ಟಿಕೊಡುತ್ತಿದ್ದನು. ಸುಗ್ಗಿಯಲ್ಲಿ ಕಣದಿಂದಲೇ ಅವನ ಪಾಲಿನ ಧಾನ್ಯ ಅವನಿಗೆ ಸಲ್ಲುತ್ತಿತ್ತು. ಮಾಡಿದವನೂ ಬಳಸುವವನೂ ಒಬ್ಬರ ಮುಖವನ್ನೊಬ್ಬರು ದಿನವೂ ನೋಡುತ್ತಿದ್ದುದರಿಂದ ಋಣವೆಂಬುದು ಎರಡು ಕಡೆಗೂ ನೆನಪಿರುತ್ತಿತ್ತು.

ಇಂದಿನ ಉಪಕರಣವನ್ನು ಮಾಡುವವನು ಸಾವಿರಾರು ಮೈಲಿಗಳಾಚೆ ಇದ್ದಾನೆ. ಅವನಿಗೆ ನಮ್ಮ ಮುಖ ತಿಳಿಯದು, ನಮಗೆ ಅವನ ಊರು ತಿಳಿಯದು. ಅವನು ತನ್ನ ಉಪಕರಣವನ್ನು ಮಾರಿ, ಕೆಲವು ವರ್ಷ ಪೋಷಿಸಿ, ಅನಂತರ ಮರೆತುಬಿಟ್ಟರೆ ಅದನ್ನೇ ನಂಬಿ ಬದುಕು ಕಟ್ಟಿಕೊಂಡವನು ಏನು ಮಾಡಬೇಕು? ಹಳೆಯದನ್ನೇ ಹಿಡಿದು ಕೂರಬೇಕೆ, ಅಥವಾ ಬೇರೊಂದು ವ್ಯವಸ್ಥೆಗೆ ದಾಟಬೇಕೆ? ಮೂರು ದಶಕಗಳಿಂದ ಗಣಕಯಂತ್ರದ ಮುಂದೆ ಕುಳಿತು ಕನ್ನಡ ಅಕ್ಷರಗಳನ್ನು ಜೋಡಿಸುತ್ತ ಬಂದಿರುವ ನನಗೆ ಇದು ಬರಿಯ ವ್ಯವಹಾರದ ಪ್ರಶ್ನೆಯಾಗಿ ಕಂಡಿಲ್ಲ. ಧರ್ಮಾಧರ್ಮಗಳ ವಿವೇಚನೆಯೂ ಇದರಲ್ಲಿ ಸೇರಿದೆ. ಆ ವಿವೇಚನೆಯನ್ನು ವಾಚಕರ ಮುಂದಿಡಲು ಬಯಸುತ್ತೇನೆ.

ನಾನು ಮಂಡ್ಯದಲ್ಲಿ ಈ ಕೆಲಸಕ್ಕೆ ಸೇರಿದಾಗ ಸೀಸದ ಮೊಳೆ ಜೋಡಿಸುವವರ ಕಾಲ ಮುಗಿಯುತ್ತಲಿತ್ತು. ಟ್ರೆಡಲ್ ಯಂತ್ರದ ಸದ್ದು ಅಡಗಿ ಲೇಸರ್ ಮುದ್ರಕವೂ ಆಫ್‌ಸೆಟ್ ಯಂತ್ರವೂ ಬಂದವು. ಮದ್ದೂರು, ಮಳವಳ್ಳಿಗಳಲ್ಲಿಯೂ ಒಂದೊಂದು ಗಣಕವಿಟ್ಟುಕೊಂಡು ಡಿ.ಟಿ.ಪಿ. ಅಂಗಡಿಗಳು ತೆರೆದುಕೊಂಡವು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಹಾಲು ಉತ್ಪಾದಕರ ಸಂಘದ ವಾರ್ಷಿಕ ವರದಿ, ಕಬ್ಬು ಬೆಳೆಗಾರರ ಸಭೆಯ ಪ್ರಕಟಣೆ, ಶಾಲೆಯ ಪ್ರಶ್ನೆಪತ್ರಿಕೆ, ಬಸದಿಯ ಪೂಜಾಮಹೋತ್ಸವದ ಆಮಂತ್ರಣ, ಸ್ಮರಣ ಸಂಚಿಕೆ ಇವೆಲ್ಲವೂ ಆ ಅಂಗಡಿಗಳಿಂದಲೇ ಹೊರಬರುತ್ತವೆ. ಗಣಕದ ನಿಪುಣ ಬಳಕೆದಾರರೆಂದರೆ ಮಹಾನಗರದ ಚಲನಚಿತ್ರ ಸಂಕಲನಕಾರರು, ಶಿಲ್ಪವಿನ್ಯಾಸಕಾರರು ಎಂದು ಹಲವರು ಭಾವಿಸುತ್ತಾರೆ. ನಾಳೆ ಬೆಳಗಿನ ಸಮಾರಂಭಕ್ಕೆ ಇಂದು ರಾತ್ರಿ ನೂರು ಪುಟಗಳನ್ನು ಕಟ್ಟಿ, ಕರಡು ತಿದ್ದಿ, ಪ್ಲೇಟಿಗೆ ಕಳುಹಿಸುವ ಮಳವಳ್ಳಿಯ ಹುಡುಗನೂ ನಿಪುಣನೇ. ಕೀಲಿಮಣೆಯನ್ನು ಅವನು ನೋಡುವುದೇ ಇಲ್ಲ. ಅವನ ಕಣ್ಣೆಲ್ಲ ಮೂಲ ಪ್ರತಿಯ ಮೇಲೆ.

ಈ ನಿಪುಣರ ಅಸಮಾಧಾನಕ್ಕೆ ಜಗತ್ತಿನಲ್ಲಿ ಪ್ರಸಿದ್ಧವಾದ ಉದಾಹರಣೆಯೊಂದಿದೆ. ಆಪಲ್ ಸಂಸ್ಥೆಯ ಮ್ಯಾಕ್ ಪ್ರೊ ಎಂಬ ಮೇಜುಗಣಕ ೨೦೦೬ರಲ್ಲಿ ಹೊರಬಂದಿತು. ದೊಡ್ಡ ಲೋಹದ ಪೆಟ್ಟಿಗೆ; ಬಾಗಿಲು ತೆರೆದು ಸ್ಮೃತಿಕೋಶ, ಡಿಸ್ಕು, ಚಿತ್ರಸಂಸ್ಕರಣದ ಕಾರ್ಡು ಇವುಗಳನ್ನು ಬಳಕೆದಾರನೇ ಬದಲಿಸಿಕೊಳ್ಳಬಹುದಾಗಿತ್ತು. ವೃತ್ತಿಪರರು ಅದನ್ನು ಮೆಚ್ಚಿ ನೆಚ್ಚಿದರು. ೨೦೧೩ರ ಡಿಸೆಂಬರಿನಲ್ಲಿ ಅದರ ಸ್ಥಾನಕ್ಕೆ ಹತ್ತು ಅಂಗುಲದಷ್ಟು ಎತ್ತರದ, ನುಣುಪಾದ ಕಪ್ಪು ಸ್ತಂಭದಂತಹ ಹೊಸ ಯಂತ್ರ ಬಂದಿತು. ನೋಟಕ್ಕೆ ಸುಂದರ, ಆದರೆ ಒಳಗೆ ಹೊಸ ಕಾರ್ಡು ಸೇರಿಸಲು ಸ್ಥಳವಿಲ್ಲ. ಬಳಕೆದಾರರು ಅದನ್ನು ‘ಕಸದ ಬುಟ್ಟಿ’ ಎಂದು ಕರೆದು ಹಾಸ್ಯ ಮಾಡಿದರು. ಎರಡು ಸಮಾನ ಚಿತ್ರಸಂಸ್ಕಾರಕಗಳಿಗೆಂದು ಅದರ ಶಾಖವ್ಯವಸ್ಥೆಯನ್ನು ರೂಪಿಸಲಾಗಿತ್ತು. ಉದ್ಯಮವು ಒಂದೇ ಬಲಶಾಲಿ ಸಂಸ್ಕಾರಕದ ದಾರಿ ಹಿಡಿದಾಗ ಆ ಯಂತ್ರವನ್ನು ಬೆಳೆಸಲು ಅವಕಾಶವೇ ಉಳಿಯಲಿಲ್ಲ. ಮೂರು ವರ್ಷಗಳಿಗೂ ಹೆಚ್ಚು ಕಾಲ ಅದು ಇದ್ದಂತೆಯೇ ಮಾರಾಟವಾಗುತ್ತಿತ್ತು. ಆ ಅವಧಿಯಲ್ಲಿ ಎಷ್ಟೋ ಸಂಕಲನಕಾರರು, ವಿನ್ಯಾಸಕಾರರು ವಿಂಡೋಸ್ ಯಂತ್ರಗಳತ್ತ ತಿರುಗಿದರು.

೨೦೧೭ರ ಏಪ್ರಿಲಿನಲ್ಲಿ ಆ ಸಂಸ್ಥೆಯ ಹಿರಿಯ ಅಧಿಕಾರಿಗಳು ಕೆಲವೇ ಪತ್ರಕರ್ತರನ್ನು ಕರೆದು, ತಮ್ಮ ವಿನ್ಯಾಸವೇ ತಮ್ಮನ್ನು ಮೂಲೆಗೆ ತಳ್ಳಿತೆಂದು ಒಪ್ಪಿಕೊಂಡು ಹೊಸ ಯಂತ್ರದ ಭರವಸೆ ಕೊಟ್ಟರು. ಎಂಟು ವಿಸ್ತರಣ ಸ್ಥಾನಗಳಿರುವ ಆ ಯಂತ್ರ ೨೦೧೯ರ ಡಿಸೆಂಬರಿನಲ್ಲಿ ಬಂದಿತು. ೨೦೧೩ರಲ್ಲಿ ೨,೯೯೯ ಡಾಲರಿದ್ದ ಆರಂಭದ ಬೆಲೆ ೫,೯೯೯ ಡಾಲರಾಗಿತ್ತು. ಮರುವರ್ಷವೇ ಸಂಸ್ಥೆಯು ತನ್ನ ಗಣಕಗಳನ್ನೆಲ್ಲ ಸ್ವಂತ ಸಂಸ್ಕಾರಕಗಳಿಗೆ ಒಯ್ಯುವುದಾಗಿ ಸಾರಿತು. ೨೦೨೩ರ ಮ್ಯಾಕ್ ಪ್ರೊದಲ್ಲಿ ಸ್ಮೃತಿಕೋಶವನ್ನು ಬಳಕೆದಾರನು ಹೆಚ್ಚಿಸಿಕೊಳ್ಳುವಂತಿಲ್ಲ, ಹೊರಗಿನ ಚಿತ್ರಸಂಸ್ಕರಣದ ಕಾರ್ಡನ್ನು ಸೇರಿಸುವಂತಿಲ್ಲ. ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡದ್ದು ಶ್ಲಾಘ್ಯವೇ. ಆದರೆ ಕಾಯುತ್ತ ಕುಳಿತವನ ಆರು ವರ್ಷಗಳು ಅದರಿಂದ ಹಿಂದಿರುಗಲಿಲ್ಲ.

ನಮ್ಮ ಜಿಲ್ಲೆಯ ಡಿ.ಟಿ.ಪಿ. ಅಂಗಡಿಗಳಲ್ಲಿ ನಾನು ಮ್ಯಾಕ್ ಯಂತ್ರಗಳನ್ನು ಕಂಡದ್ದು ಅತ್ಯಲ್ಪ. ನಮ್ಮವರೆಲ್ಲ ಬಹುಮಟ್ಟಿಗೆ ವಿಂಡೋಸನ್ನೇ ಆಶ್ರಯಿಸಿದವರು. ಆದರೂ ಆ ಕಥೆ ನಮ್ಮದೂ ಹೌದು. ನಮ್ಮಲ್ಲಿ ಅದರ ಹೆಸರು ಪೇಜ್‌ಮೇಕರ್. ಆಲ್ಡಸ್ ಸಂಸ್ಥೆ ೧೯೮೫ರಲ್ಲಿ ಹೊರತಂದ ಈ ಪುಟವಿನ್ಯಾಸದ ತಂತ್ರಾಂಶ ೧೯೯೪ರಲ್ಲಿ ಅಡೋಬ್ ಸಂಸ್ಥೆಯ ಪಾಲಾಯಿತು. ೨೦೦೧ರಲ್ಲಿ ಬಂದ ಏಳನೆಯ ಆವೃತ್ತಿಯೇ ಅದರ ಕೊನೆಯ ಆವೃತ್ತಿ. ೨೦೦೪ರಲ್ಲಿ ಅದರ ಅಭಿವೃದ್ಧಿ ನಿಂತಿತು. ಸಂಸ್ಥೆಯ ಗಮನವೆಲ್ಲ ಇನ್‌ಡಿಸೈನ್ ಎಂಬ ಹೊಸ ತಂತ್ರಾಂಶದ ಕಡೆಗೆ ಹೊರಳಿತ್ತು. ೨೦೧೩ರಲ್ಲಿ ಆ ಸಂಸ್ಥೆಯು ಮುಂದಿನ ಆವೃತ್ತಿಗಳನ್ನು ಒಮ್ಮೆಗೇ ಮಾರದೆ ಚಂದಾ ರೂಪದಲ್ಲಿ ಮಾತ್ರ ಕೊಡುವುದಾಗಿ ಸಾರಿತು. ಇಷ್ಟೆಲ್ಲ ಆದಮೇಲೂ ನಮ್ಮ ಕಡೆ ಪೇಜ್‌ಮೇಕರ್ ಬಹುಕಾಲ ಉಳಿಯಿತು. ಕೆಲವು ಅಂಗಡಿಗಳಲ್ಲಿ ಇನ್ನೂ ಉಸಿರಾಡುತ್ತಿದೆ.

ಇದನ್ನು ಸೋಮಾರಿತನವೆಂದು ಹಳಿಯುವುದು ಸುಲಭ. ನಿಜವಾದ ಕಾರಣ ಕನ್ನಡದ ಅಕ್ಷರಗಳಲ್ಲಿದೆ. ಆ ಕಾಲದ ತಂತ್ರಾಂಶಗಳಿಗೆ ಕನ್ನಡವೆಂಬ ಭಾಷೆಯೇ ತಿಳಿದಿರಲಿಲ್ಲ. ಆದಕಾರಣ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು, ತಲೆಕಟ್ಟು, ಕೊಂಬು, ಒತ್ತಕ್ಷರಗಳನ್ನು ಕೂರಿಸಿ ನಮ್ಮವರು ಯಂತ್ರದಿಂದ ಕನ್ನಡವನ್ನು ಬರೆಯಿಸಿದರು. ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸ ಇವುಗಳ ಉಪಕಾರವನ್ನು ಕನ್ನಡದಲ್ಲಿ ದುಡಿದ ಯಾವನೂ ಮರೆಯಲಾರ. ಅವುಗಳಿಂದಲೇ ನಮ್ಮ ಊರುಗಳಿಗೆ ಕನ್ನಡ ಮುದ್ರಣ ಅಗ್ಗವಾಯಿತು.

ಆದರೆ ಈ ಜಾಣತನಕ್ಕೆ ಬೆಲೆಯೊಂದಿತ್ತು. ‘ಧರ್ಮ’ ಎಂಬ ಪದವನ್ನೇ ನೋಡೋಣ. ಹಳೆಯ ಪದ್ಧತಿಯ ಕಡತದಲ್ಲಿ ಮೊದಲು ‘ಧ’, ಆಮೇಲೆ ‘ಮ’, ಕೊನೆಗೆ ಅರ್ಕಾವೊತ್ತು. ಎಂದರೆ ಕಣ್ಣಿಗೆ ಕಾಣುವ ಕ್ರಮ. ಯೂನಿಕೋಡ್ ಪದ್ಧತಿಯಲ್ಲಿ ‘ಧ’, ‘ರ’, ವಿರಾಮಚಿಹ್ನೆ, ‘ಮ’. ಎಂದರೆ ನಾವು ಉಚ್ಚರಿಸುವ ಕ್ರಮ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಎಚ್ಚರ ತಪ್ಪಿದರೆ ‘ಧರ್ಮ’ವು ‘ಧಮ೯’ವಾಗಿ, ಪದದ ಕೊನೆಗೆ ಒಂಬತ್ತರ ಅಂಕಿ ಬಂದು ಕೂರುತ್ತದೆ. ಕರ್ಮ, ಅರ್ಹಂತ, ತೀರ್ಥಂಕರ, ನಿರ್ಗ್ರಂಥ, ನಿರ್ಜರೆ: ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪುಟಪುಟಕ್ಕೂ ಅರ್ಕಾವೊತ್ತೇ ಇರುವುದರಿಂದ ಈ ತೊಡಕಿನ ಭಾರ ನಮ್ಮ ಪುಸ್ತಕಗಳ ಮೇಲೆ ಇನ್ನಷ್ಟು ಹೆಚ್ಚಾಗಿ ಬೀಳುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಅಂತಹ ಕಡತವನ್ನು ಓದಲು ಅದೇ ಅಕ್ಷರಗಳು ಬೇಕು. ಅಕ್ಷರಗಳನ್ನು ಮಾರಿದ ಸಂಸ್ಥೆ ಕಣ್ಮರೆಯಾದರೆ ಪಠ್ಯವು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ಉಳಿಯುತ್ತದೆ.

ಇದು ಕಲ್ಪನೆಯ ಭಯವಲ್ಲ. ಕೆಲವು ವರ್ಷಗಳ ಹಿಂದೆ ಒಂದು ಟ್ರಸ್ಟಿನವರು ತಮ್ಮ ಹಳೆಯ ಸ್ಮರಣ ಸಂಚಿಕೆಯ ಲೇಖನಗಳನ್ನು ಮರುಮುದ್ರಿಸಬೇಕೆಂದು ನನ್ನ ಬಳಿಗೆ ಬಂದರು. ಕಡತವನ್ನು ಜೋಪಾನವಾಗಿ ಸಿ.ಡಿ.ಯಲ್ಲಿ ಇಟ್ಟಿದ್ದರು, ಅವರ ಕಡೆಯಿಂದ ಯಾವ ಲೋಪವೂ ಇರಲಿಲ್ಲ. ಅದನ್ನು ತೆರೆಯಲು ಬೇಕಾದ ಅಕ್ಷರ ತಂತ್ರಾಂಶ ಮದ್ದೂರಿನ ಗೆಳೆಯರೊಬ್ಬರ ಹಳೆಯ ಯಂತ್ರದಲ್ಲಿ ಮಾತ್ರ ಉಳಿದಿತ್ತು. ಆ ತಂತ್ರಾಂಶಕ್ಕೆ ಬೀಗದಂತೆ ಒಂದು ಡಾಂಗಲ್. ಅದನ್ನು ಸಿಕ್ಕಿಸಬೇಕಾದ ಅಗಲವಾದ ಹಳೆಯ ಮುದ್ರಕದ ಕಿಂಡಿ ಈಗಿನ ಗಣಕಗಳಲ್ಲಿಲ್ಲ. ತಯಾರಿಸಿದವರಿಗೆ ದೂರವಾಣಿ ಮಾಡಿದೆ. ಹೊಸ ಆವೃತ್ತಿಯನ್ನು ಕೊಳ್ಳಿರೆಂದರು. ಹಳೆಯ ಕಡತ ಅದರಲ್ಲಿ ತೆರೆಯುವುದೇ ಎಂದು ಕೇಳಿದರೆ ಖಚಿತವಾಗಿ ಹೇಳಲಾಗದೆಂದರು. ಕೊನೆಗೆ ಮದ್ದೂರಿನ ಆ ಯಂತ್ರದಲ್ಲೇ ಕಡತವನ್ನು ತೆರೆದು, ಪಠ್ಯವನ್ನು ಹೊರತೆಗೆದು, ಪರಿವರ್ತಿಸಿ, ಮಳವಳ್ಳಿಯ ನಿವೃತ್ತ ಉಪಾಧ್ಯಾಯರೊಬ್ಬರಿಂದ ಅಕ್ಷರ ಅಕ್ಷರವೂ ಕರಡು ತಿದ್ದಿಸಿದೆವು. ಮುದ್ರಣಕ್ಕಿಂತ ಹೆಚ್ಚು ದಿನ ಈ ಬಿಡುಗಡೆಯ ಕೆಲಸಕ್ಕೇ ಹಿಡಿಯಿತು. ಆ ಒಂದು ಯಂತ್ರ ಅಷ್ಟರೊಳಗೆ ಕೆಟ್ಟಿದ್ದರೆ ಆ ಲೇಖನಗಳನ್ನೆಲ್ಲ ಮುದ್ರಿತ ಪ್ರತಿಯಿಂದ ಮತ್ತೆ ಮೊದಲಿನಿಂದ ಜೋಡಿಸಬೇಕಾಗುತ್ತಿತ್ತು.

ಆ ದಿನಗಳಲ್ಲಿ ನಮ್ಮ ನಡುವೆ ನಡೆದ ಚರ್ಚೆ ನೆನಪಿಡತಕ್ಕದ್ದು. ಮದ್ದೂರಿನ ಗೆಳೆಯರು ಸಮಾಧಾನಿ. “ಯಂತ್ರ ಹಳೆಯದಾದರೇನು ಸ್ವಾಮಿ, ನನಗೆ ಅನ್ನ ಹಾಕುತ್ತಿದೆ. ಹೊಸದು ತಂದರೆ ಆರು ತಿಂಗಳು ಕೈ ತೊದಲುತ್ತದೆ. ಆ ಆರು ತಿಂಗಳು ಗಿರಾಕಿ ಕಾಯುತ್ತಾನೆಯೇ?” ಎಂದರು. ನನ್ನ ಬಳಿ ಕೆಲಸ ಕಲಿತು ಮಳವಳ್ಳಿಯಲ್ಲಿ ಅಂಗಡಿ ಇಟ್ಟಿರುವ ತರುಣನದು ಬೇರೆ ನಿಲುವು. “ಅಣ್ಣ, ಇವರು ನಮ್ಮನ್ನು ಕೈಬಿಟ್ಟು ಇಪ್ಪತ್ತು ವರ್ಷವಾಯಿತು. ನಾವು ಮಾತ್ರ ಇವರನ್ನು ಬಿಡಬಾರದೆಂದರೆ ಯಾವ ನ್ಯಾಯ?” ಎಂದನು. ಇಬ್ಬರ ಮಾತಿನಲ್ಲೂ ಸತ್ಯಾಂಶವಿತ್ತು. ವಸ್ತುವನ್ನು ಒಂದೇ ಕಡೆಯಿಂದ ನೋಡಬಾರದೆಂಬ ಅನೇಕಾಂತದ ಪಾಠ ಇಂತಹ ಸಣ್ಣ ಅಂಗಡಿಯ ಪ್ರಶ್ನೆಗೂ ಸಲ್ಲುತ್ತದೆ. ಬದಲಾವಣೆಯ ವೆಚ್ಚವೆಂದರೆ ಹೊಸ ಯಂತ್ರದ ಬೆಲೆಯೊಂದೇ ಅಲ್ಲ. ಬೆರಳುಗಳು ಗಳಿಸಿದ ವಿದ್ಯೆ, ಹಳೆಯ ಕಡತಗಳು, ಗಿರಾಕಿಯ ವಿಶ್ವಾಸ ಇವೂ ಆ ಲೆಕ್ಕಕ್ಕೆ ಸೇರುತ್ತವೆ. ಹಾಗೆಯೇ ಬದಲಾಗದೆ ಉಳಿಯುವುದಕ್ಕೂ ವೆಚ್ಚವಿದೆ. ಅದು ಒಟ್ಟಿಗೇ, ಕೆಟ್ಟ ಗಳಿಗೆಯಲ್ಲಿ ತೆರಬೇಕಾದ ವೆಚ್ಚ.

ಈಗ ಆ ಗಳಿಗೆ ಹತ್ತಿರ ಬಂದಿದೆ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ೨೦೧೪ರ ಏಪ್ರಿಲಿನಲ್ಲಿ, ವಿಂಡೋಸ್ ೭ಕ್ಕೆ ೨೦೨೦ರ ಜನವರಿಯಲ್ಲಿ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತ್ತು. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೂ ಅದೇ ಆಯಿತು. ವಿಂಡೋಸ್ ೧೧ ಹಳೆಯ ಸಂಸ್ಕಾರಕಗಳನ್ನು ಒಪ್ಪುವುದಿಲ್ಲ. ವಿಶೇಷ ಭದ್ರತಾ ಚಿಪ್ಪನ್ನೂ ಬೇಡುತ್ತದೆ. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಕೇವಲ ಈ ಕಾರಣಕ್ಕೆ ಗುಜರಿಗೆ ಹಾಕಬೇಕೆಂದರೆ ಮಿತವ್ಯಯಿಯಾದವನ ಮನಸ್ಸು ಒಪ್ಪುವುದಿಲ್ಲ. ಎಂದಾದರೊಂದು ದಿನ ಯಂತ್ರವನ್ನೋ ವ್ಯವಸ್ಥೆಯನ್ನೋ ಬದಲಿಸಲೇಬೇಕಾದ್ದರಿಂದ, ಯಾವ ಕಡೆಗೆ ಹೋಗಬೇಕೆಂಬುದನ್ನು ಈಗಲೇ ಶಾಂತಚಿತ್ತದಿಂದ ಯೋಚಿಸುವುದು ಲೇಸು.

ಇಲ್ಲಿ ಇನ್ನೊಂದು ಸೂಕ್ಷ್ಮ ವಿಷಯವನ್ನು ಮುಚ್ಚಿಡಬಾರದು. ಸಣ್ಣ ಊರುಗಳ ಗಣಕಗಳಲ್ಲಿ ಬೆಲೆ ಕೊಡದೆ ನಕಲು ಮಾಡಿಕೊಂಡ ತಂತ್ರಾಂಶಗಳು ಇರುವುದು ಎಲ್ಲರೂ ಬಲ್ಲ ಗುಟ್ಟು. ತಯಾರಕನು ಮಾರುವುದನ್ನೇ ನಿಲ್ಲಿಸಿದ ತಂತ್ರಾಂಶವನ್ನು ನಕಲು ಮಾಡಿದರೆ ಯಾರಿಗೆ ನಷ್ಟವೆಂದು ಕೆಲವರು ವಾದಿಸುತ್ತಾರೆ. ಕೈಬಿಟ್ಟ ವಸ್ತುವೂ ಕೊಡದೆ ಇರುವ ವಸ್ತುವೇ. ಅಚೌರ್ಯವ್ರತದ ದೃಷ್ಟಿಯಿಂದ ನೋಡಿದರೆ ಒಡೆಯನ ಅಲಕ್ಷ್ಯವು ನಮಗೆ ಅನುಮತಿಯಾಗಲಾರದು. ಹಾಗೆಂದು ಬಡ ಅಂಗಡಿಕಾರನನ್ನು ದೂಷಿಸಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಅತ್ಯಂತ ಕಡಿಮೆ ದರಕ್ಕೆ ಆಮಂತ್ರಣ ಪತ್ರಿಕೆ ಬೇಕೆಂದು ಚೌಕಾಸಿ ಮಾಡುವ ನಾವು ಆ ದರದಲ್ಲಿ ತಂತ್ರಾಂಶದ ಬೆಲೆಯೂ ಸೇರಿರಬೇಕೆಂಬುದನ್ನು ನೆನೆಯುವುದಿಲ್ಲ.

ಈ ಎರಡು ಸಂಕಟಗಳ ನಡುವೆ ಮೂರನೆಯ ದಾರಿಯೊಂದು ಈಗ ನಡೆಯಲು ಯೋಗ್ಯವಾಗಿದೆ. ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆ ಹಳೆಯ ಯಂತ್ರಗಳಲ್ಲಿಯೂ ನಡೆಯುತ್ತದೆ. ನಮ್ಮ ಬೆರಳುಗಳಿಗೆ ಅಭ್ಯಾಸವಾದ ಗಣಕ ಪರಿಷತ್ತಿನ ಕೀಲಿಮಣೆಯ ವಿನ್ಯಾಸ ಅದರಲ್ಲಿಯೂ ದೊರೆಯುತ್ತದೆ. ಬರವಣಿಗೆಗೆ ಲಿಬ್ರೆ ಆಫೀಸ್; ಪುಟವಿನ್ಯಾಸಕ್ಕೆ ಸ್ಕ್ರೈಬಸ್. ಭಾರತೀಯ ಲಿಪಿಗಳನ್ನು ಸರಿಯಾಗಿ ಕೂಡಿಸುವ ಶಕ್ತಿಯುಳ್ಳ ಸ್ಕ್ರೈಬಸಿನ ಸ್ಥಿರ ಆವೃತ್ತಿ ೨೦೨೪ರ ಜನವರಿಯಲ್ಲಿ ಬಂದಿತು. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಅಕ್ಷರಗಳೂ ಇವೆ. ಮಳವಳ್ಳಿಯ ತರುಣನು ಕರಪತ್ರ, ವರದಿಗಳನ್ನು ಈ ದಾರಿಯಲ್ಲಿ ಮಾಡತೊಡಗಿದ್ದಾನೆ. ಬಣ್ಣದ ಮುಖಪುಟಗಳಿಗೆ ಮಾತ್ರ ಹಣ ತೆತ್ತು ಪಡೆದ ತಂತ್ರಾಂಶವನ್ನೇ ಇಟ್ಟುಕೊಂಡಿದ್ದಾನೆ. ಮದ್ದೂರಿನ ಗೆಳೆಯರು ಹಳೆಯ ಯಂತ್ರವನ್ನು ಅಂತರ್ಜಾಲದಿಂದ ಬೇರ್ಪಡಿಸಿ, ಹಳೆಯ ಕಡತಗಳನ್ನು ತೆರೆಯಲೆಂದೇ ಉಳಿಸಿಕೊಂಡಿದ್ದಾರೆ. ಇಬ್ಬರೂ ವಿವೇಕಿಗಳೇ. ಎಲ್ಲರೂ ಒಂದೇ ದಿನ ಒಂದೇ ವ್ಯವಸ್ಥೆಗೆ ಹಾರಬೇಕೆಂದು ನಾನು ಹೇಳಲಾರೆ.

ಹೊಸ ವ್ಯವಸ್ಥೆಯೂ ನಾಳೆ ನಮ್ಮನ್ನು ಮರೆಯಬಹುದು. ಮ್ಯಾಕ್ ಬಿಟ್ಟವರು ವಿಂಡೋಸಿಗೆ ಹೋದರು. ವಿಂಡೋಸಿನಲ್ಲಿದ್ದ ನಾವು ಬೇರೆಡೆ ನೋಡುತ್ತಿದ್ದೇವೆ. ಯಾವ ಯಂತ್ರವೂ ಶಾಶ್ವತ ನೆಲೆಯಲ್ಲ. ಆದುದರಿಂದ ಯಾವುದಕ್ಕೆ ದಾಟಬೇಕೆಂಬ ಪ್ರಶ್ನೆಗಿಂತ, ದಾಟುವಾಗ ಯಾವುದನ್ನು ಕೈಬಿಡಬಾರದೆಂಬ ಪ್ರಶ್ನೆ ಹಿರಿದು. ನನ್ನ ಅನುಭವದಲ್ಲಿ ಅದಕ್ಕೆ ಉತ್ತರ ಒಂದೇ: ಪಠ್ಯ. ನಮ್ಮ ನಿಷ್ಠೆ ಸಲ್ಲಬೇಕಾದುದು ಅಕ್ಷರಕ್ಕೆ ಮತ್ತು ಅದನ್ನು ನಾಳೆ ಓದುವವನಿಗೆ. ಉಪಕರಣವು ಪಠ್ಯವನ್ನು ಸ್ವತಂತ್ರವಾಗಿ ಬಿಟ್ಟುಕೊಡುವಷ್ಟರ ಮಟ್ಟಿಗೆ ಮಾತ್ರ ಅದಕ್ಕೆ ನಮ್ಮ ನಿಷ್ಠೆಯಲ್ಲಿ ಪಾಲಿದೆ.

ಪಠ್ಯಕ್ಕೆ ಅಂತಹ ಸ್ವಾತಂತ್ರ್ಯವನ್ನು ಕೊಡುವುದು ಯೂನಿಕೋಡ್. ಅದರ ನಿಯಮವೊಂದು ನನ್ನ ಮನಸ್ಸನ್ನು ಬಹಳ ಸೆಳೆದಿದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವನ್ನು ಅನೇಕರು ಬಲ್ಲರು. ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ನಾಯಿಯ ನೆನಪನ್ನು ಆ ಕಲ್ಲು ಹೊತ್ತಿದೆ. ಆ ಕಾಲದ ಕನ್ನಡವನ್ನು ಅಚ್ಚು ಹಾಕಬೇಕಾದರೆ ಱ, ೞ ಎಂಬ ಅಕ್ಷರಗಳು ಬೇಕು. ಯೂನಿಕೋಡಿನಲ್ಲಿ ಎರಡೂ ಇವೆ. ಆದರೆ ೞ ಅಕ್ಷರಕ್ಕೆ ಅಲ್ಲಿ ಇಂಗ್ಲಿಷಿನಲ್ಲಿ ಕೊಟ್ಟ ಹೆಸರು ತಪ್ಪು. ‘ಎಫ್‌ಎ’ ಎಂದು ದಾಖಲಾಗಿಬಿಟ್ಟಿದೆ. ತಪ್ಪು ತಿಳಿದ ಮೇಲೂ ಆ ಹೆಸರನ್ನು ಅಳಿಸಲಿಲ್ಲ. ಒಮ್ಮೆ ಕೊಟ್ಟ ಸ್ಥಾನವನ್ನಾಗಲಿ ಹೆಸರನ್ನಾಗಲಿ ಎಂದಿಗೂ ಬದಲಿಸುವುದಿಲ್ಲವೆಂದು ಅವರು ಮಾತು ಕೊಟ್ಟಿದ್ದಾರೆ; ಆದ್ದರಿಂದ ಸರಿಯಾದ ಹೆಸರನ್ನು ಉಪನಾಮವಾಗಿ ಸೇರಿಸಿ ತಪ್ಪನ್ನು ಹಾಗೆಯೇ ಉಳಿಸಿದ್ದಾರೆ. ತಮಗೆ ಮುಜುಗರವಾದರೂ ತಮ್ಮನ್ನು ನಂಬಿದವನ ಕಡತ ಕೆಡಬಾರದೆಂಬ ಈ ನಡತೆಯೇ, ತಯಾರಕನ ಧರ್ಮವೆಂದರೆ ಏನೆಂಬುದಕ್ಕೆ ನಾನು ಕಂಡ ಅತ್ಯುತ್ತಮ ನಿದರ್ಶನ.

ಬಳಕೆದಾರನ ಧರ್ಮಕ್ಕೆ ನಿದರ್ಶನ ನಮ್ಮ ಪರಂಪರೆಯಲ್ಲಿಯೇ ಇದೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಓಲೆಗರಿ ಶಿಥಿಲವಾಗುತ್ತದೆ, ಹುಳು ತಿನ್ನುತ್ತದೆ. ಮತ್ತೊಂದು ಗರಿಗೆ ಇಳಿಸಿದರೆ ಮಾತ್ರ ಕಾವ್ಯ ಉಳಿಯುತ್ತದೆ ಎಂಬುದನ್ನು ಆ ಕಾಲದವರು ಅರಿತಿದ್ದರು. ಗರಿಯ ಮೇಲೆ ಮೋಹವಿಡದೆ ಕಾವ್ಯದ ಮೇಲೆ ಪ್ರೀತಿಯಿಟ್ಟ ಲಿಪಿಕಾರರ ಶ್ರಮದಿಂದಲೇ ನಮಗೆ ಇಂದು ಆ ಗ್ರಂಥಗಳು ಲಭ್ಯವಾಗಿವೆ. ಗಣಕದ ಕಡತವೂ ಒಂದು ಗರಿಯೇ. ಅದರ ಆಯುಸ್ಸು ಓಲೆಗಿಂತ ಬಹಳ ಕಡಿಮೆ.

ಆದ್ದರಿಂದ ನಮ್ಮ ಬಸದಿಗಳ ಟ್ರಸ್ಟುಗಳಲ್ಲಿ, ಮನೆಮನೆಯ ಶ್ರಾವಕ-ಶ್ರಾವಿಕೆಯರಲ್ಲಿ ಕೆಲವು ವಿನಂತಿಗಳು. ಯಾವುದೇ ಪುಸ್ತಕ ಅಥವಾ ಸಂಚಿಕೆಯನ್ನು ಅಚ್ಚು ಮಾಡಿಸಿದಾಗ ಮುದ್ರಿತ ಪ್ರತಿಗಳೊಡನೆ ಪುಟಗಳ ಪಿ.ಡಿ.ಎಫ್. ಕಡತವನ್ನೂ, ಅದಲ್ಲದೆ ಯೂನಿಕೋಡಿನಲ್ಲಿರುವ ಸರಳ ಪಠ್ಯವನ್ನೂ ಕೇಳಿ ಪಡೆಯಿರಿ. ಎರಡು ಬೇರೆ ಬೇರೆ ಮನೆಗಳಲ್ಲಿ ಪ್ರತಿ ಇಡಿರಿ; ಕೆಲವು ವರ್ಷಗಳಿಗೊಮ್ಮೆ ತೆರೆದು ನೋಡಿರಿ. ಹಳೆಯ ಕಡತಗಳಿದ್ದರೆ, ಅವುಗಳನ್ನು ತೆರೆಯಬಲ್ಲ ಯಂತ್ರಗಳೂ ಕೈಗಳೂ ಇನ್ನೂ ನಮ್ಮ ನಡುವೆ ಇರುವಾಗಲೇ ಪರಿವರ್ತಿಸಿಕೊಳ್ಳಿರಿ. ಪರಿವರ್ತಿಸುವವನಿಗೂ ಕರಡು ತಿದ್ದುವವನಿಗೂ ಯೋಗ್ಯವಾದ ಸಂಭಾವನೆ ಕೊಡಿರಿ. ಶಾಸ್ತ್ರದಾನವೆಂದರೆ ಪುಸ್ತಕ ಹಂಚುವುದು ಮಾತ್ರವೆಂದು ತಿಳಿಯದೆ, ಅಕ್ಷರವನ್ನು ಒಂದು ಗರಿಯಿಂದ ಇನ್ನೊಂದು ಗರಿಗೆ ಸುರಕ್ಷಿತವಾಗಿ ದಾಟಿಸುವ ಆ ಕೈಗಳನ್ನು ಪೋಷಿಸುವುದೂ ಅದೇ ದಾನವೆಂದು ಭಾವಿಸಬೇಕಾಗಿ ಪ್ರಾರ್ಥನೆ.